22 ಚದರದ ಮನೆಯಿಂದ ಪುಟ್ಟ ಫ್ಲ್ಯಾಟಿಗೆ

ಪ್ರಶ್ನೆ: ಜಯನಗರದ 40x60 ನಿವೇಶನದಲ್ಲಿ ಕಟ್ಟಿಸಿದ 22 ಚದರದ (2,200 ಚದರ ಅಡಿಯ) ಮನೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ವಾಸವಾಗಿದ್ದೇವೆ. ಮಂಡಿನೋವಿನಿಂದಾಗಿ ನನಗೆ ಮಹಡಿ ಹತ್ತುವುದು ಕಷ್ಟವಾಗಿದೆ. ಆದ್ದರಿಂದ ಮನೆಯನ್ನು ಮಾರಿ, ಶ್ರಾವಣದಲ್ಲಿ ಕನಕಪುರ ರಸ್ತೆಯ ಎರಡು ಕೋಣೆಗಳ ಫ್ಲ್ಯಾಟಿಗೆ ಹೋಗಲಿದ್ದೇವೆ. ಅದು 1,150 ಚದರ ಅಡಿ ಎಂದು ಬಿಲ್ಡರ್ ಹೇಳಿದ್ದಾರೆ. ಅತ್ತೆಯವರ ಕಾಲದ ಹಿತ್ತಾಳೆ, ತಾಮ್ರದ ಪಾತ್ರೆಗಳು, ಬೀಟೆ ಮರದ ಮಂಚ, ದಸರೆಯ ಗೊಂಬೆಗಳು, ಯಜಮಾನರ ನೂರಾರು ಪುಸ್ತಕಗಳು, ಹೊರದೇಶದಲ್ಲಿರುವ ಮಗನ ಕಾಲೇಜು ದಿನಗಳ ಸಾಮಾನು ಎಲ್ಲವೂ ಇಲ್ಲಿವೆ. ಎಲ್ಲವನ್ನೂ ಕೊಟ್ಟು ಹೊಸದನ್ನು ಕೊಳ್ಳಿ ಎಂದು ಮಗ ಹೇಳುತ್ತಾನೆ. ಯಜಮಾನರು ಒಂದು ಪುಸ್ತಕವನ್ನೂ ಬಿಡಲೊಪ್ಪರು. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಜಯನಗರ

ಉತ್ತರ: ಅಟ್ಟಕ್ಕೆ ಏಣಿ ಹಾಕುವ ಮೊದಲು ಅಳತೆಯ ಟೇಪು ಹಿಡಿದು ಹೊಸ ಮನೆಗೆ ಹೋಗಿ ಬನ್ನಿ. ಬಿಲ್ಡರ್ ಹೇಳಿದ 1,150 ಚದರ ಅಡಿಯಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳಲ್ಲಿನ ನಿಮ್ಮ ಪಾಲೂ ಸೇರಿರುವ ಸಂಭವವೇ ಹೆಚ್ಚು. ಮನೆ, ಫ್ಲ್ಯಾಟುಗಳ ಮಾರಾಟವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ವಿಸ್ತೀರ್ಣವೆಂದರೆ ಮನೆಯೊಳಗೆ ಬಳಸಲು ಸಿಗುವ ನೆಲ ಮಾತ್ರ. ಹೊರಗೋಡೆಯೂ ಬಾಲ್ಕನಿಯೂ ಅದರಲ್ಲಿ ಸೇರುವುದಿಲ್ಲ. ಅದು ನಿಮಗೆ ಎಂಟು ಚದರದ ಆಸುಪಾಸಿನಲ್ಲಿ ದೊರೆತರೆ ಆಶ್ಚರ್ಯಪಡಬೇಡಿ. ಗೋಡೆಗಳ ಉದ್ದ, ಬಾಗಿಲುಗಳ ಅಗಲ, ಅಡುಗೆಮನೆಯ ಕಪಾಟುಗಳ ಆಳ, ಲಿಫ್ಟಿನ ಒಳ ಅಳತೆ, ಇಷ್ಟನ್ನೂ ಬರೆದುಕೊಂಡು ಬಂದರೆ ಮನೆಯೊಳಗಿನ ಅರ್ಧ ವಾದಗಳು ತಾವಾಗಿಯೇ ತೀರುತ್ತವೆ.

ನಿಮ್ಮ ಮಗನ ಸಲಹೆಯನ್ನು ನಾನು ಒಪ್ಪಲಾರೆ. ದಿನವೂ ಮಲಗುವ, ಕೂರುವ, ಅಡುಗೆ ಮಾಡುವ ವಸ್ತುಗಳಿಗೆ ಹೊಸ ಮನೆಯಲ್ಲಿ ಮೊದಲ ಜಾಗ ಸಿಗಬೇಕು. ಮಂಡಿನೋವಿರುವವರಿಗೆ ಎತ್ತರ ರೂಢಿಯಾಗಿರುವ ಮಂಚದ ಬೆಲೆ ದೊಡ್ಡದು. ಬೀಟೆಯ ಮಂಚವನ್ನು ಬಡಗಿಯಿಂದ ಬಿಚ್ಚಿಸಿ, ಅಲ್ಲಿ ಮತ್ತೆ ಜೋಡಿಸಲು ಸಾಧ್ಯವಾದರೆ ಖಂಡಿತ ಒಯ್ಯಿರಿ. ಮಗನ ಸಾಮಾನಿನ ವಿಷಯದಲ್ಲಿ ಮಾತ್ರ ನಿರ್ಧಾರ ಅವರದೇ ಆಗಲಿ. ವಿಡಿಯೊ ಕರೆಯಲ್ಲಿ ಎಲ್ಲವನ್ನೂ ತೋರಿಸಿ, ಆಷಾಢ ಮುಗಿಯುವುದರೊಳಗೆ ಬೇಕು, ಬೇಡ ಎಂದು ತಿಳಿಸುವಂತೆ ಹೇಳಿ. ಅವರ ಉಗ್ರಾಣವಾಗುವಷ್ಟು ಜಾಗ ನಿಮ್ಮ ಹೊಸ ಮನೆಗಿಲ್ಲ.

ಪಾತ್ರೆಗಳ ವಿಷಯದಲ್ಲಿ ಅವಸರ ಬೇಡವೆಂದು ಕೇಳಿಕೊಳ್ಳುತ್ತೇನೆ. ಹಂಡೆ, ಕೊಪ್ಪರಿಗೆ, ಕೊಳಗಗಳು ಐವತ್ತು ಎಲೆ ಹಾಕುತ್ತಿದ್ದ ಮನೆಗಳಿಗೆ ತಕ್ಕವು. ನಿಮ್ಮಿಬ್ಬರ ಅಡುಗೆಮನೆಗೆ ಅವು ಹೊರೆ ಎಂಬುದು ನಿಜ. ಆದರೆ ಚಿಕ್ಕಪೇಟೆಯ ಅಂಗಡಿಗೆ ಒಯ್ದರೆ ಅಲ್ಲಿ ಸಿಗುವುದು ಲೋಹದ ತೂಕದ ಬೆಲೆ ಮಾತ್ರ, ಕುಸುರಿಗೂ ವಯಸ್ಸಿಗೂ ಏನೂ ಸಿಗದು. ಆದ್ದರಿಂದ ಮೊದಲು ಒಂದು ಭಾನುವಾರ ನಾದಿನಿಯರನ್ನೂ ಅಕ್ಕತಂಗಿಯರ ಮಕ್ಕಳನ್ನೂ ಊಟಕ್ಕೆ ಕರೆದು, ಬೇಕಾದುದನ್ನು ಆರಿಸಿಕೊಳ್ಳಲು ಹೇಳಿ. ಯಾವ ಪಾತ್ರೆಯಲ್ಲಿ ಯಾರ ಮದುವೆಯ ಹುಳಿ ಕುದಿದಿತ್ತೆಂದು ಹೇಳಿ ಕೊಡಲು ನೀವಿರುವಾಗಲೇ ಅವು ಕೈದಾಟಲಿ. ಉಳಿದುದನ್ನು ಮಾರುವುದಾದರೆ ತಾಮ್ರವನ್ನೂ ಹಿತ್ತಾಳೆಯನ್ನೂ ಬೇರೆ ಮಾಡಿ, ಮನೆಯಲ್ಲೇ ತೂಗಿ ಬರೆದಿಟ್ಟು ಒಯ್ಯಿರಿ. ತಾಮ್ರದ ದರ ಹೆಚ್ಚು. ಕಲಾಯಿ ಮಾಡಿಸಿ ಹಬ್ಬದಲ್ಲಿ ನಿಜವಾಗಿಯೂ ಬಳಸುವ ಒಂದೆರಡು ತಪ್ಪಲೆ, ದೀಪದ ಕಂಬಗಳು ನಿಮ್ಮೊಡನೆ ಬರಲಿ.

ಗೊಂಬೆಗಳಲ್ಲಿ ಪಟ್ಟದ ಗೊಂಬೆಯ ಜೋಡಿಯನ್ನು ಬಿಡಬೇಡಿ. ಒಂಬತ್ತು ಹಂತದ ಬದಲು ಮೂರು ಹಂತ ಇಟ್ಟರೂ ದಸರೆ ದಸರೆಯೇ. ಮಿಕ್ಕವನ್ನು ಹೊಸದಾಗಿ ಗೊಂಬೆ ಕೂರಿಸಲು ಬಯಸುವ ಎಳೆಯ ಸಂಸಾರಕ್ಕೆ ನವರಾತ್ರಿಗೆ ಮುನ್ನವೇ ಕೊಡಿ.

ಇನ್ನು ಯಜಮಾನರ ಪುಸ್ತಕಗಳು. ಅವನ್ನು ನೀವು ಆರಿಸಬೇಡಿ, ಆರಿಸುವಂತೆ ಅವರನ್ನು ಒತ್ತಾಯಿಸಲೂಬೇಡಿ. ಹೊಸ ಮನೆಯಲ್ಲಿ ಪುಸ್ತಕಕ್ಕೆಂದು ಒಂದು ಇಡೀ ಗೋಡೆಯನ್ನು ಅವರಿಗೆ ಬಿಟ್ಟುಕೊಡಿ. ಎಷ್ಟು ಹಿಡಿಸುತ್ತದೆ ಎಂಬುದನ್ನು ಕಪಾಟೇ ಹೇಳಲಿ, ಯಾವುದು ಎಂಬುದನ್ನು ಅವರು ಹೇಳಲಿ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರಿಗಳು ಕೊಳ್ಳುವುದು ಮರುಮಾರಾಟಕ್ಕಾದ್ದರಿಂದ ದೊಡ್ಡ ಮೊತ್ತ ನಿರೀಕ್ಷಿಸಬಾರದು. ಹಳೆಯ ಇತಿಹಾಸ ಗ್ರಂಥಗಳು, ನಿಯತಕಾಲಿಕಗಳ ಸಂಪುಟಗಳಿದ್ದರೆ ಪಟ್ಟಿ ಮಾಡಿ, 1909ರಲ್ಲಿ ಸ್ಥಾಪನೆಯಾದ, ಇತಿಹಾಸ ಸಂಶೋಧನೆಯ ಮಿಥಿಕ್ ಸೊಸೈಟಿಯನ್ನಾಗಲಿ ನರಸಿಂಹರಾಜ ಕಾಲೋನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನಾಗಲಿ ಮೊದಲು ವಿಚಾರಿಸಿ. ಕೇಳದೆ ಪೆಟ್ಟಿಗೆಗಳನ್ನು ಬಾಗಿಲಲ್ಲಿಳಿಸುವುದು ಗ್ರಂಥಾಲಯಕ್ಕೆ ಮಾಡುವ ಉಪಕಾರವಲ್ಲ. ತಾಳೆಗರಿ, ಕೈಬರಹದ ಕಡತಗಳಿದ್ದರೆ ಯಾವ ಕಾರಣಕ್ಕೂ ಹಳೇ ಪೇಪರಿನವರಿಗೆ ಹಾಕಬೇಡಿ.

ಕೆಲಸದ ಕ್ರಮ ಇಷ್ಟೇ: ದಿನಕ್ಕೆರಡು ಗಂಟೆ, ಬೆಳಗಿನ ಹೊತ್ತು, ಪ್ಲಾಸ್ಟಿಕ್ ಡಬ್ಬಗಳಿಂದ ಶುರು. ಭಾವಚಿತ್ರಗಳನ್ನು ಕಟ್ಟಕಡೆಗೆ ಮುಟ್ಟಿ, ಏಕೆಂದರೆ ಆಲ್ಬಂ ತೆರೆದ ದಿನ ಬೇರೆ ಯಾವ ಕೆಲಸವೂ ಸಾಗುವುದಿಲ್ಲ. ಕೆಟ್ಟ ಟಿವಿ, ಬ್ಯಾಟರಿಗಳನ್ನು ಮನೆಯ ಕಸಕ್ಕೆ ಸೇರಿಸದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ.

ಪ್ರಶ್ನೆ: ಮನೆ ಮಾರಿದ ಮೇಲೆ ಅದಕ್ಕೆ ಸಂಬಂಧಿಸಿದ ಹಳೆಯ ಕಾಗದಪತ್ರಗಳನ್ನು ಹರಿದು ಹಾಕಬಹುದೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ದಯವಿಟ್ಟು ಹರಿಯಬೇಡಿ. ಮೂಲ ಕ್ರಯಪತ್ರ, ಹಿಂದಿನ ಪತ್ರಗಳು ಕೊಂಡವರಿಗೆ ಸೇರುತ್ತವೆ, ಪ್ರತಿಗಳನ್ನು ನೀವಿಟ್ಟುಕೊಳ್ಳಿ. ಮಹಡಿ ಕಟ್ಟಿಸಿದ ಬಿಲ್ಲು, ಗುತ್ತಿಗೆದಾರರಿಗೆ ಕೊಟ್ಟ ಚೆಕ್ಕಿನ ವಿವರಗಳು ಮಾರಾಟದ ಲಾಭವನ್ನು ಲೆಕ್ಕ ಹಾಕುವಾಗ ಬೇಕಾಗುತ್ತವೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಆಸ್ತಿಯಾದರೆ 2001ರ ಆ ದಿನದ ಮಾರುಕಟ್ಟೆ ಮೌಲ್ಯವನ್ನೇ ಕೊಂಡ ಬೆಲೆಯೆಂದು ಪರಿಗಣಿಸುವ ಅವಕಾಶವಿದೆ, ಆ ಮೌಲ್ಯವನ್ನು ಲೆಕ್ಕ ಹಾಕಿಕೊಟ್ಟ ಮೌಲ್ಯಮಾಪಕರ ವರದಿಯೂ ಕಡತದಲ್ಲಿರಲಿ. ಲಾಭದಿಂದ ಬೇರೆ ಮನೆ ಕೊಂಡು ತೆರಿಗೆ ವಿನಾಯಿತಿ ಪಡೆಯುವವರು ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ನಂತರದ ಎರಡು ವರ್ಷಗಳೊಳಗೆ ಕೊಂಡಿರಬೇಕು. ಅದರ ದಾಖಲೆಗಳನ್ನೂ ಜೊತೆಗಿಟ್ಟು, ರಿಟರ್ನ್ಸ್ ಸಲ್ಲಿಸಿದ ಬಳಿಕ ಏಳೆಂಟು ವರ್ಷ ಒಂದೇ ಪೆಟ್ಟಿಗೆಯಲ್ಲಿ ಕಾಪಾಡಿ.