ಶೇಕಡಾ ಲೆಕ್ಕದ ಹಿಂದೆ ಎಷ್ಟು ಮಕ್ಕಳು?
ಮೂರನೇ ತರಗತಿಯ ಪರೀಕ್ಷೆಯಲ್ಲಿ ಪಾಸಾದವರು ಶೇ. 80ರಿಂದ 65ಕ್ಕೆ ಇಳಿದಿದ್ದಾರೆ, ಮಗಳನ್ನು ಬೇರೆ ಶಾಲೆಗೆ ಸೇರಿಸಬೇಕಾ ಅಂತ ಕೇಳಿದ್ದೀರಿ. ತರಗತಿಯಲ್ಲಿರುವುದು 20 ಮಕ್ಕಳು ಅಂತಲೂ ಬರೆದಿದ್ದೀರಿ. ಹಾಗಾದರೆ ಒಂದು ಮಗು ಅಂದರೆ ಶೇ. 5. ಹೋದ ವರ್ಷ 16 ಮಕ್ಕಳು ಪಾಸು, ಈ ವರ್ಷ 13. ವ್ಯತ್ಯಾಸ ಬರೀ ಮೂರು ಮಕ್ಕಳು! ಒಬ್ಬರಿಗೆ ಅವತ್ತು ಜ್ವರ ಬಂದಿದ್ದರೂ ಲೆಕ್ಕ ಅಲ್ಲಾಡುತ್ತದೆ. ಅದೂ ಅಲ್ಲದೆ ಎರಡು ವರ್ಷ ಬರೆದವರು ಬೇರೆ ಬೇರೆ ಮಕ್ಕಳು, ಅಲ್ವಾ?

ಹೋದ ವರ್ಷದ ಆ ಮಕ್ಕಳೇ ಈಗ ನಾಲ್ಕನೇ ತರಗತಿಯಲ್ಲಿ ಹೇಗೆ ಬರೆದಿದ್ದಾರೆ ಅಂತ ಶಾಲೆಯಲ್ಲಿ ವಿಚಾರಿಸಿ. ಪಾಠ ಹೇಗೆ ನಡೆಯುತ್ತಿದೆ ಅನ್ನುವುದು ಅದರಲ್ಲಿ ಜಾಸ್ತಿ ಗೊತ್ತಾಗುತ್ತದೆ. ಮೂರ್ನಾಲ್ಕು ವರ್ಷ ಇಳಿಯುತ್ತಲೇ ಬಂದಿದ್ದರೆ ಮಾತ್ರ ನಾನಾದರೆ ಯೋಚಿಸುತ್ತೇನೆ. ಇವತ್ತು ಮಗಳಿಂದ ಒಂದು ಪುಟ ಓದಿಸಿ, ಏನು ಅರ್ಥವಾಯಿತು ಅಂತ ಸುಮ್ನೆ ಕೇಳಿ ನೋಡಿ.