ಕೆಳಗಿನ ಬಿಪಿ ಸರಿ ಇದ್ದರೆ ಸಾಕೇನು?

ಪ್ರಶ್ನೆ: ನಮ್ಮ ಅಪ್ಪಾರಿಗೆ 68 ವರ್ಷ. ಬಿಪಿ ಒಮ್ಮೆ 160/70, ಒಮ್ಮೆ 135/70 ಬರತೈತಿ. ಕೆಳಗಿನ ಅಂಕಿ ಚಲೋ ಐತೆಲ್ಲ, ರಕ್ತನಾಳಕ್ಕೇನು ಧಕ್ಕೆ?
– ಓದುಗರೊಬ್ಬರು, ಮುಂಡರಗಿ, ಗದಗ ಜಿಲ್ಲೆ

ಉತ್ತರ: ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಇರುವ ಅಂತರ ನೋಡಿ. 120/80ರಲ್ಲಿ ಅದು 40, 160/70ರಲ್ಲಿ 90. ಈ ವಯಸ್ಸಿನಲ್ಲಿ ಅಂತರ 60 ದಾಟಿದರೆ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಬಿರುಸಾಗಿರುವ ಅನುಮಾನ ಬರುತ್ತದೆ. ನಾಳ ಹಿಗ್ಗಿ ಕುಗ್ಗುವುದು ಎಲಾಸ್ಟಿನ್ ನಾರಿನಿಂದ. ದಿನಕ್ಕೆ ಸುಮಾರು 1 ಲಕ್ಷ ಬಡಿತದ ಎಳೆತಕ್ಕೆ ಅದು ವರ್ಷಗಟ್ಟಲೆ ಸವೆದು ತುಂಡಾಗುತ್ತದೆ. ದೊಡ್ಡವರಲ್ಲಿ ಹೊಸದು ಬೆಳೆಯುವುದು ತೀರಾ ಕಡಿಮೆ. ಆಗ ಭಾರವೆಲ್ಲ ಅಷ್ಟಾಗಿ ಹಿಗ್ಗದ ಕೊಲಾಜನ್ ಎಂಬ ಇನ್ನೊಂದು ನಾರಿನ ಮೇಲೆ. ಬಿರುಸಾದದ್ದು ಬಲವಾಯಿತೆಂದಲ್ಲ.

ಏರಿಳಿತಕ್ಕೆ ಅಳತೆಯ ತಪ್ಪೂ ಕಾರಣವಿರಬಹುದು (ತೋಳಿಗೆ ಸಣ್ಣದಾದ ಪಟ್ಟಿ ಹೆಚ್ಚು ತೋರಿಸುತ್ತದೆ). 5 ನಿಮಿಷ ಸುಮ್ಮನೆ ಕುಳಿತು, ತೋಳು ಎದೆಮಟ್ಟಕ್ಕಿಟ್ಟು, 1 ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ-ಸಂಜೆ 7 ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆದು ಡಾಕ್ಟರಿಗೆ ತೋರಿಸಿ. ಗುಳಿಗೆ ಮಾತ್ರ ನೀವೇ ನಿಲ್ಲಿಸಬೇಡಿ.