ನಮ್ಮ ಚರ್ಚ್ ಸುತ್ತಮುತ್ತ ಹೊರಗಿನಿಂದ ಬಂದವರು ತುಂಬಾ ಇದ್ದಾರೆ, ಸಭೆಯವರಿಗೂ ಅವರಿಗೂ ಸ್ನೇಹ ಬೆಳೆಯಲು ಏನು ಮಾಡಬೇಕು?

ನಿಮ್ಮ ಬಡಾವಣೆಯಲ್ಲಿ ಈಶಾನ್ಯದವರು, ಜಾರ್ಖಂಡ್‌ನವರು, ಒಡಿಶಾದವರು ಜಾಸ್ತಿ ಆಗಿದ್ದಾರೆ, ಸಭೆಯಿಂದ ಒಂದು ಸ್ವಾಗತ ಕೂಟ ಇಟ್ಟಿರಿ, ಬಂದವರು ಊಟ ಮಾಡಿ ಹೋದರು, ಆಮೇಲೆ ಯಾರಿಗೂ ಯಾರ ಪರಿಚಯವೂ ಉಳಿಯಲಿಲ್ಲ ಅಂತ ಬರೆದಿದ್ದೀರಿ. ನಮ್ಮಲ್ಲೂ ಹೀಗೇ ಆಗಿತ್ತು. ನಾನು ಬೆಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯವಳು, ನಮ್ಮ ಸ್ತ್ರೀ ಅನ್ಯೋನ್ಯ ಕೂಟದಲ್ಲಿ ಕೆಲವು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ.

ಇದು ನನ್ನ ಮನಸ್ಸಿಗೆ ನಾಟಿದ್ದು 2012ರ ಆಗಸ್ಟ್‌ನಲ್ಲಿ. ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್ಸೆಮ್ಮೆಸ್‌ನಲ್ಲಿ ಸುಳ್ಳು ಸುದ್ದಿ ಹರಡಿ, ಸಾವಿರಾರು ಜನ ಮೆಜೆಸ್ಟಿಕ್‌ಗೆ ಹೋಗಿ ಗುವಾಹಟಿ ರೈಲು ಹತ್ತಿದರಲ್ಲ, ಆಗ. ನಮ್ಮ ಚರ್ಚ್ ಪಕ್ಕದ ಪಾರ್ಲರ್‌ನ ಹುಡುಗಿಯರೂ ರಾತ್ರೋರಾತ್ರಿ ಹೊರಟುಹೋದರು. ಎರಡು ವರ್ಷದಿಂದ ಅಲ್ಲೇ ಇದ್ದವರು. "ಹೋಗಬೇಡಿ, ನಮ್ಮ ಮನೆಗೆ ಬಂದಿರಿ" ಅಂತ ಹೇಳೋಣ ಅಂದರೆ ನಮ್ಮಲ್ಲಿ ಒಬ್ಬರ ಹತ್ತಿರವೂ ಅವರ ನಂಬರ್ ಇರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಪರದೇಶದವರನ್ನು ನಿಮ್ಮವರಂತೆಯೇ ಪ್ರೀತಿಸಿ ಅಂತ ಇರುವುದನ್ನು ಎಷ್ಟು ಸಲ ಓದಿದ್ದೆವೋ ಏನೋ.

ಮೊದಲು ದಿನ ಬದಲಾಯಿಸಿ. ಪಾರ್ಲರ್, ಹೋಟೆಲ್, ಮಾಲ್ ಕೆಲಸದವರಿಗೆ ಶನಿವಾರ ಭಾನುವಾರವೇ ಉಸಿರಾಡಲು ಬಿಡುವಿಲ್ಲದ ದಿನ. ಸೆಕ್ಯೂರಿಟಿ ಕೆಲಸದವರದು ಹೆಚ್ಚಾಗಿ ಹನ್ನೆರಡು ಗಂಟೆಯ ಪಾಳಿ. ನಾವು ಭಾನುವಾರ ಆರಾಧನೆ ಮುಗಿಸಿ ಊಟ ಇಟ್ಟು, ಅವರು ಬರಲಿಲ್ಲ ಅಂತ ಬೇಜಾರು ಮಾಡಿಕೊಂಡರೆ ಹೇಗೆ? ವಾರದ ರಜೆ ಯಾವತ್ತು ಅಂತ ಕೇಳಿದೆವು, ಮಂಗಳವಾರ ಅಂದರು. ಈಗ ನಮ್ಮ ಗುಂಪು ಸೇರುವುದು ಮಂಗಳವಾರ ಸಂಜೆ, ಯಾರದಾದರೂ ಮನೆಯಲ್ಲಿ, ಆರೇಳು ಜನ. ಚರ್ಚ್ ಹಾಲ್‌ನಲ್ಲಿ ಮಾಡಬೇಡಿ. ಸಾಲಾಗಿ ಕುರ್ಚಿ ಹಾಕಿ ಮೈಕ್ ಇಟ್ಟರೆ ಅದು ಕಾರ್ಯಕ್ರಮವೇ ಆಗಿಬಿಡುತ್ತದೆ, ಮಾತುಕತೆ ಆಗುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ, ನಮ್ಮವರಿಗೆ ಕಷ್ಟ ಆಗಿದ್ದೂ ಇದೇ. ಬರೀ ಕೊಡಬೇಡಿ, ಅವರ ಕೈಯಿಂದ ತಗೊಳ್ಳಿ. ಮಿಜೋರಾಂನ ಐಜಾಲ್‌ನಿಂದ ಬಂದ ಹುಡುಗಿಯೊಬ್ಬಳು ನಮ್ಮನ್ನು ತನ್ನ ಕೋಣೆಗೆ ಊಟಕ್ಕೆ ಕರೆದಳು. "ಪಾಪ, ಅವಳಿಗೇಕೆ ಖರ್ಚು" ಅಂದರು ಕೆಲವರು, "ಆ ವಾಸನೆ ತಡೆಯೋಕಾಗಲ್ಲ" ಅಂದರು ಇನ್ನು ಕೆಲವರು. ಕೊನೆಗೆ ಮೂವರು ಹೋದೆವು. ಮಿಜೋ ಮನೆಗಳಲ್ಲಿ ದಿನಾ ಮಾಡುವ 'ಬಾಯ್' ಅಂತ ಒಂದು ಅಡುಗೆ ಇದೆ, ಸೊಪ್ಪು ತರಕಾರಿ ಬೇಯಿಸಿದ ತೆಳ್ಳನೆಯ ಸಾರಿನಂಥದ್ದು, ಅದನ್ನು ಮಾಡಿದ್ದಳು. ನಮ್ಮ ಜೊತೆ ಬಂದಿದ್ದ ಸಕಲೇಶಪುರ ಕಡೆಯ ಹಿರಿಯಮ್ಮ ತಟ್ಟೆಯಲ್ಲಿದ್ದ ಬಿಳಿ ತುಂಡನ್ನು ಬೆರಳಲ್ಲಿ ಒತ್ತಿ ನೋಡಿ, "ಅಯ್ಯೋ, ಇದು ಕಳಲೆ ಅಲ್ವಾ!" ಅಂದರು. ಮಳೆಗಾಲದಲ್ಲಿ ಎಳೆ ಬಿದಿರು ಹೆಚ್ಚಿ, ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಪಲ್ಯ ಮಾಡುವುದನ್ನು ಅವರು ಕನ್ನಡದಲ್ಲೇ ಕೈಸನ್ನೆ ಮಾಡಿ ಹೇಳಿದರು, ಇವಳು ನಗುತ್ತಾ ತಮ್ಮ ಕಡೆ ಹೇಗೆ ಮಾಡುತ್ತಾರೆ ಅಂತ ಅರ್ಧ ಹಿಂದಿಯಲ್ಲಿ ಹೇಳಿದಳು. ನಾನು ಸುಮ್ನೆ ಕೂತು ನೋಡುತ್ತಿದ್ದೆ. ಅವತ್ತಿನಿಂದ ಆಕೆ ಹಿರಿಯಮ್ಮನಿಗೆ 'ಅಜ್ಜಿ' ಅಂತಾಳೆ, ಅಜ್ಜಿಗೆ ಮೊಣಕಾಲು ನೋವು ಬಂದರೆ ಆಟೋ ಕರೆಸಿ ಆಸ್ಪತ್ರೆಗೆ ಕರೆದೊಯ್ಯುವವಳೂ ಅವಳೇ.

ಆ ವರ್ಷ ಸುಗ್ಗಿ ಹಬ್ಬದ ಹರಾಜಿಗೆ ಅವಳೂ ಅವಳ ಗೆಳತಿಯರೂ ಉಪ್ಪಿನಕಾಯಿ ಬಾಟಲಿ ತಂದುಕೊಟ್ಟರು. ನಮ್ಮವರು ತೆಂಗಿನಕಾಯಿ, ಕೋಳಿ, ಕೇಕ್ ಕೂಗುವ ಹಾಗೇ ಅದನ್ನೂ ಕೂಗಿದರು. ಅತಿಥಿಗಳಾಗಿ ಹಿಂದಿನ ಸಾಲಲ್ಲಿ ಕೂರುತ್ತಿದ್ದವರು ಅವತ್ತು ಮುಂದೆ ಬಂದು ತಾವೂ ಹರಾಜು ಕೂಗಿದರು.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಇವರಿಗೆ ಸುವಾರ್ತೆ ಹೇಳಬೇಕು ಅನ್ನುವ ಉದ್ದೇಶ ಇಟ್ಟುಕೊಂಡು ಸ್ನೇಹಕ್ಕೆ ಹೋಗಬೇಡಿ. ಮಿಜೋರಾಂನವರು, ನಾಗಾಗಳು, ಕುಕಿಗಳಲ್ಲಿ ಬಹುತೇಕರು ತಲೆಮಾರುಗಳಿಂದ ಕ್ರೈಸ್ತರೇ, ಮೈತೇಯಿಗಳಲ್ಲಿ ಹೆಚ್ಚಿನವರು ಅಲ್ಲ. ಯಾರಿಗೇ ಆದರೂ ಈ ಉದ್ದೇಶ ಬೇಗ ಗೊತ್ತಾಗುತ್ತದೆ, ಗೊತ್ತಾದಾಗ ನೋವಾಗುತ್ತದೆ. ಮಿಜೋರಾಂಗೆ ಮಿಷನರಿಗಳು ಬಂದದ್ದು 1894ರ ಜನವರಿ 11ರಂದು, ಅದನ್ನು ಅವರು ಈಗಲೂ ಹಬ್ಬದಂತೆ ನೆನೆಯುತ್ತಾರೆ. ಅದೇ 1894ರಲ್ಲಿ ಮಂಗಳೂರಿನಲ್ಲಿ ಜರ್ಮನ್ ಮಿಷನರಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಅಚ್ಚಾಯಿತು. ಇದನ್ನು ಮಂಗಳವಾರದ ಗುಂಪಿನಲ್ಲಿ ಹೇಳಿದಾಗ ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಕಿಟ್ಟೆಲ್‌ಗೆ ಕನ್ನಡ ಕಲಿಸಿದ್ದು ಯಾರು?" ಇಲ್ಲಿಯವರೇ ತಾನೆ! ಆ ಸಂಜೆಯಿಂದಲೇ ನಮ್ಮ ಕನ್ನಡ ಪಾಠ ಶುರುವಾಯಿತು. 'ಎಷ್ಟಾಯ್ತು', 'ಚಿಲ್ಲರೆ ಇಲ್ಲ', 'ಅಡ್ವಾನ್ಸ್ ಎಷ್ಟು', ಇಂಥವು ಮೊದಲು. ಪ್ರತಿ ಪಾಠಕ್ಕೆ ನಾವೂ ಐದು ಮಿಜೋ ಪದ ಕಲಿಯುತ್ತೇವೆ.

ಮಣಿಪುರದವರಿದ್ದರೆ 2023ರ ಮೇ ತಿಂಗಳಿನಿಂದ ಅಲ್ಲಿ ಮೈತೇಯಿ, ಕುಕಿಗಳ ನಡುವೆ ನಡೆದ ಹಿಂಸೆಯಲ್ಲಿ ಏನಾಯಿತು ಅಂತ ನೀವಾಗಿ ಕೆದಕಬೇಡಿ. ಹೇಳಬೇಕು ಅನ್ನಿಸಿದಾಗ ಅವರೇ ಹೇಳುತ್ತಾರೆ. "ನೇಪಾಳದವರಾ?" ಅನ್ನುವುದನ್ನಂತೂ ಬಿಟ್ಟೇಬಿಡಿ. ಫೋಟೋ ತೆಗೆದು ಗ್ರೂಪ್‌ಗೆ ಹಾಕುವುದೂ ಬೇಡ.

ಜಾರ್ಖಂಡ್‌ನವರ ವಿಷಯದಲ್ಲಿ ನಮಗೆ ದಾರಿ ತೆರೆದದ್ದು ರೇಷನ್ ಕಾರ್ಡ್. ಊರಿನ ಕಾರ್ಡ್ ಆಹಾರ ಭದ್ರತೆ ಕಾಯ್ದೆಯದ್ದಾಗಿದ್ದು ಆಧಾರ್ ಜೋಡಣೆ ಆಗಿದ್ದರೆ 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಸಿಗುತ್ತದೆ. ನಮ್ಮ ಸಭೆಯ ನಿವೃತ್ತ ಮೇಷ್ಟ್ರೊಬ್ಬರು ಒಬ್ಬ ಸೆಕ್ಯೂರಿಟಿಯವರ ಜೊತೆ ಅಂಗಡಿಗೆ ಹೋಗಿ ಸಾಲಲ್ಲಿ ನಿಂತರು. ಒಂದೂವರೆ ಗಂಟೆ ಒಟ್ಟಿಗೆ ನಿಂತಿದ್ದರಲ್ಲ, ಅಷ್ಟರಲ್ಲಿ ಇಬ್ಬರ ಮಕ್ಕಳ ಕಥೆಯೂ ಮುಗಿದಿತ್ತು.

ಕೊನೆಗೆ, ನಿಮ್ಮ ಸಭೆಯಲ್ಲಿ ಬಾಡಿಗೆ ಮನೆ ಇರುವವರು ಇದ್ದೇ ಇರುತ್ತಾರೆ. ಮುಖ ನೋಡಿ, ಅಡುಗೆ ವಾಸನೆ ನೆಪ ಹೇಳಿ "ಖಾಲಿ ಇಲ್ಲ" ಅಂತ ವಾಪಸ್ ಕಳಿಸುವುದು ಇಲ್ಲಿ ತುಂಬಾ ನಡೆಯುತ್ತದೆ. ಅವರ ಹತ್ತಿರ ನೀವೇ ಹೋಗಿ ಮಾತಾಡಿ. ನಮ್ಮಲ್ಲಿ ಇಲ್ಲಿಯವರೆಗೆ ಇಬ್ಬರು ಒಪ್ಪಿದ್ದಾರೆ, ಮೂರನೆಯವರ ಮನೆಗೆ ಈ ವಾರ ಹೋಗಬೇಕು.